ಕಬ್ಬಿಗೂ ಒಂದು ಲೆಕ್ಕ ಇದೆ

ನಾನು ಆಪ್ತಸಲಹೆಗಾರ್ತಿ. ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಳಲಾಗದೆ ಹೊಣೆಯನ್ನೆಲ್ಲ ಒಬ್ಬರೇ ಹೊತ್ತು ಸೋತವರು ನನ್ನ ಹತ್ತಿರ ವರ್ಷಕ್ಕೆ ಮೂರು ನಾಲ್ಕು ಜನ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಂಥ ಒಬ್ಬರ ವಿಷಯದಲ್ಲಿ ಮೊದಲೆರಡು ಭೇಟಿ ನಾನು ದಾರಿ ತಪ್ಪಿದ್ದೆ, ಅದೂ ಒಂದು ಕಾರಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಲವತ್ತು ದಾಟಿದ ಪ್ರೋಗ್ರಾಮರ್. ಮಂಡ್ಯ ಕಡೆಯ ರೈತರ ಮನೆ, ದಿನಾ ಬೆಳಗ್ಗೆ ರೈಲು ಹಿಡಿದು ಮೈಸೂರಿನ ಒಂದು ಸಣ್ಣ ಕಂಪನಿಗೆ ಬರುತ್ತಾರೆ. ನಿದ್ದೆ ಇಲ್ಲ, ಮಗಳ ಮೇಲೆ ರೇಗಾಟ, ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. 2012ರಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 2.7 ಆವೃತ್ತಿಯಲ್ಲಿ ಇವರೊಬ್ಬರೇ ಬರೆದ ಸ್ಟಾಕ್ ಲೆಕ್ಕದ ಪ್ರೋಗ್ರಾಂ ಇವತ್ತಿಗೂ ಓಡುತ್ತಿದೆ. ಕೆಟ್ಟರೆ ಇವರಿಗೇ ಫೋನ್, ರಾತ್ರಿ ಎರಡು ಗಂಟೆಯಾದರೂ.

"ಆ ಭಾಷೆ ಸತ್ತೇ ಹೋಗಿದೆಯಂತೆ, ಇವರು ಬಿಡಲ್ಲ" ಅಂದಿದ್ದರು ಅವರ ಹೆಂಡತಿ. ನಾನು ಅದನ್ನೇ ಹಿಡಿದುಕೊಂಡೆ. ಕೈಹಿಡಿದ ವಿದ್ಯೆ ಹಳತಾದ ದುಃಖ ಇದು ಅಂದುಕೊಂಡು, ಮೂರನೇ ಭೇಟಿಯಲ್ಲಿ ಹಾಗೇ ಹೇಳಿಯೂಬಿಟ್ಟೆ. ಅವರು ಮೊದಲ ಸಲ ನಕ್ಕರು.

"ಸತ್ತಿದ್ದೆಲ್ಲಿ ಮೇಡಂ? ಮೊದಲೇ ದಿನ ಹೇಳಿ ನಿಲ್ಲಿಸಿದ್ದು."

ಆಮೇಲೆ ನನಗೇ ಪಾಠ. 2.7 ಬಂದದ್ದು 2010ರಲ್ಲಿ. ಅದನ್ನು ಮಾಡಿದ ಪೈಥಾನ್‌ನವರು 2015ರವರೆಗೆ ನೋಡಿಕೊಳ್ಳುತ್ತೇವೆ ಅಂದಿದ್ದರು. ಜನ ಪೈಥಾನ್ 3ಕ್ಕೆ ಹೋಗಲು ತಯಾರಿರಲಿಲ್ಲ, ಹಾಗಾಗಿ 2014ರಲ್ಲಿ ಅದನ್ನು 2020ಕ್ಕೆ ಮುಂದೂಡಿದರು. 2020ರ ಜನವರಿ 1ಕ್ಕೆ ಬೆಂಬಲ ಮುಗಿಯಿತು. ಏಪ್ರಿಲ್‌ನಲ್ಲಿ 2.7.18 ಅನ್ನುವ ಕೊನೆಯ ಆವೃತ್ತಿ ಕೊಟ್ಟು ಕೈತೊಳೆದುಕೊಂಡರು. ಈಗ ಅಕ್ಟೋಬರ್‌ಗೊಂದು ಹೊಸ ಆವೃತ್ತಿ ಬರುತ್ತದೆ, ಒಂದೊಂದಕ್ಕೂ ಐದು ವರ್ಷ ಆಯಸ್ಸು. ಮೊದಲ ಒಂದೂವರೆ ಎರಡು ವರ್ಷ ಎಲ್ಲ ರಿಪೇರಿ, ಉಳಿದ ಕಾಲ ಭದ್ರತೆಯ ತೂತು ಮುಚ್ಚುವುದಷ್ಟೇ. 3.9 ಬಂದದ್ದು 2020ರ ಅಕ್ಟೋಬರ್, ಮುಗಿದದ್ದು 2025ರ ಅಕ್ಟೋಬರ್. ಇದನ್ನೆಲ್ಲ ಹೇಳುವಷ್ಟು ಹೊತ್ತು ಅವರು ಒಮ್ಮೆಯೂ ಫೋನ್ ನೋಡಲಿಲ್ಲ.

"ಬೆಂಬಲ ಮುಗಿದರೆ ಪ್ರೋಗ್ರಾಂ ನಿಂತುಹೋಗುತ್ತಾ?"

"ಇಲ್ಲ, ಓಡುತ್ತೆ. ಹೊಸ ತೂತು ಬಿದ್ದರೆ ಮುಚ್ಚೋರು ಇರಲ್ಲ."

"ನಿಮ್ಮ ಕಂಪನಿಯಲ್ಲಿ ಯಾರು ಮುಚ್ಚುತ್ತಾರೆ?"

"ನಾನು."

ಸ್ವಲ್ಪ ಹೊತ್ತು ಫ್ಯಾನ್ ಸದ್ದೊಂದೇ. ಆಮೇಲೆ ಅವರೇ ಅಂದರು: "ನಮ್ಮಪ್ಪ ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಎರಡು ಕೂಳೆ ಬೆಳೆ ಬಿಡ್ತಾರೆ, ಜಾಸ್ತಿ ಅಂದ್ರೆ ಮೂರು. ಆಮೇಲೆ ಬುಡ ಕಿತ್ತು ಹೊಸ ನಾಟಿ. ಕಬ್ಬಿಗೂ ಒಂದು ಲೆಕ್ಕ ಇದೆ. ನನಗೆ ಇಲ್ಲ ನೋಡಿ."

ನಾನು ಕೊಟ್ಟ ಸಲಹೆ ಇದು. ಮಾಲೀಕರಿಗೆ ಹೀಗೆ ಬರೆದು ಕೊಡಿ: ಇಂಥ ತಾರೀಕಿನವರೆಗೆ ಹಳೇ ಪ್ರೋಗ್ರಾಂ ಪೂರ್ತಿ ನೋಡಿಕೊಳ್ಳುತ್ತೇನೆ. ಆಮೇಲೆ ಆರು ತಿಂಗಳು ತೀರಾ ಅಪಾಯದ್ದು ಮಾತ್ರ. ಅಷ್ಟರಲ್ಲಿ ಹೊಸದಾಗಿ ಬರೆಯಲು ನನಗೆ ಸಮಯ ಮತ್ತು ಇನ್ನೊಬ್ಬರನ್ನು ಕೊಡಿ. ರಾತ್ರಿ ಒಂಬತ್ತರ ಮೇಲೆ ಫೋನ್ ಎತ್ತುವುದಿಲ್ಲ.

ಇದು ಆಪ್ತಸಲಹೆಯೇ ಅಲ್ಲ, ಆಫೀಸಿನ ವಿಷಯಕ್ಕೆ ತಲೆಹಾಕಿದ್ದು ಅಂತ ಜೊತೆಗಾರ್ತಿಯೊಬ್ಬರು ಆಕ್ಷೇಪಿಸಿದರು. ಉಸಿರಾಟದ ಅಭ್ಯಾಸ ನಾನೂ ಹೇಳಿಕೊಟ್ಟಿದ್ದೆ. ಆದರೆ ಎರಡು ಗಂಟೆಗೆ ಫೋನ್ ಬರುತ್ತಲೇ ಇದ್ದರೆ ಎಷ್ಟು ಉಸಿರು ಎಳೆದು ಬಿಟ್ಟರೇನು? ಕೆಲಸ ಹೋದರೆ ಅನ್ನುವ ಭಯ ಸುಳ್ಳಲ್ಲ. ಪತ್ರ ಬರೆಯುವ ಮುಂಚೆ ಹೆಂಡತಿಯನ್ನೂ ಕೂರಿಸಿಕೊಂಡು ಸಾಲದ ಕಂತು, ಉಳಿತಾಯ ಎಲ್ಲ ಲೆಕ್ಕ ಹಾಕಿದೆವು.

"ಕೊನೇವರೆಗೂ ನಾನಿದ್ದೀನಿ" ಅನ್ನುವುದನ್ನು ನಾವು ದೊಡ್ಡ ಗುಣ ಅಂದುಕೊಂಡಿದ್ದೇವೆ ಅಲ್ವಾ? ಹಾಗೆ ಹೇಳಿದವರು ಮೂರನೇ ವರ್ಷಕ್ಕೆ ಎದುರಿನವರನ್ನೇ ದ್ವೇಷಿಸುವುದನ್ನು ನಾನು ಕಂಡಿದ್ದೇನೆ. ಹಾಸಿಗೆ ಹಿಡಿದ ಮಾವನನ್ನು ಒಬ್ಬಳೇ ನೋಡಿಕೊಳ್ಳುವ ಸೊಸೆಯಲ್ಲಿ ಇದು ಜಾಸ್ತಿ. ಮಾವನಿಗೆ ತಾರೀಕು ಹಾಕಲಾಗುವುದಿಲ್ಲ, ನಿಜ. ಮೈದುನ, ನಾದಿನಿಯರಿಗೆ ಪಾಳಿ ಹಾಕಬಹುದು. ಮುಂಚೆಯೇ ದಿನ ಹೇಳುವುದು ಕೈಬಿಡುವುದಲ್ಲ. ಹೇಳದೆ ಒಂದು ದಿನ ಕುಸಿದು ಬೀಳುವುದೇ ನಿಜವಾಗಿ ಕೈಬಿಡುವುದು.

ಪತ್ರ ಕೊಟ್ಟರು, ಕೆಲಸ ಹೋಗಲಿಲ್ಲ. ಆದರೆ ಹಾಕಿದ ತಾರೀಕು ಹತ್ತಿರ ಬಂದಾಗ ಮಾಲೀಕರು ಕೇಳಿಕೊಂಡರಂತೆ, ಇವರು ಮುಂದೂಡಿದರಂತೆ. ನನಗೆ ಸಿಟ್ಟು ಬಂತು, ಮುಖದಲ್ಲೂ ಕಂಡಿರಬೇಕು.

"ಪೈಥಾನ್‌ನವರು 2015ನ್ನು 2020 ಮಾಡಲಿಲ್ವಾ ಮೇಡಂ?" ಅಂದರು. "ನಾನು ಕೊಟ್ಟಿದ್ದು ಮೂರೇ ತಿಂಗಳು."