ಓದುಗರ ಪ್ರಶ್ನೆ: ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರು ಯಾಕೆ ಹೋದರು?

ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ 2009ರ ಡಿಸೆಂಬರ್ 1ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಭಾಷಣ ಮಾಡಿ, ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳುಹಿಸುವುದಾಗಿ ಘೋಷಿಸಿದರು. ಕಳೆದ ಸಂಚಿಕೆಯಲ್ಲಿ ಆ ನಿರ್ಧಾರದ ಕುರಿತು ಪ್ರಕಟವಾದ ಲೇಖನಕ್ಕೆ ಬಂದ ಪ್ರಶ್ನೆಗಳಲ್ಲಿ ಆಯ್ದವನ್ನು ಇಲ್ಲಿ ಉತ್ತರಿಸಲಾಗಿದೆ.

30,000 ಎಂಬ ಸಂಖ್ಯೆ ಬಂದದ್ದು ಎಲ್ಲಿಂದ? ಅದಕ್ಕೆ ಏನಾದರೂ ಲೆಕ್ಕ ಇತ್ತೇ?
— ರಾಜ್ಯಶಾಸ್ತ್ರ ವಿದ್ಯಾರ್ಥಿ, ಧಾರವಾಡ

ಲೆಕ್ಕ ಇತ್ತು. ಆದರೆ ಲೆಕ್ಕ ತೋರಿಸಿದ ಸಂಖ್ಯೆಯೇ ಬೇರೆ, ಕೊನೆಗೆ ಹೋದ ಸಂಖ್ಯೆಯೇ ಬೇರೆ.

ಅಮೆರಿಕದ ಸೇನೆ 2006ರ ಡಿಸೆಂಬರಿನಲ್ಲಿ ಬಂಡಾಯ ನಿಗ್ರಹದ ಹೊಸ ಕೈಪಿಡಿ ತಂದಿತ್ತು. ಸಾವಿರ ಜನರಿಗೆ 20 ಮಂದಿ ಸೈನಿಕರೋ ಪೊಲೀಸರೋ ಬೇಕು ಎಂಬುದು ಅದರಲ್ಲಿದ್ದ ಸೂತ್ರ. ಅಫ್ಘಾನಿಸ್ತಾನದ ಜನಸಂಖ್ಯೆಯನ್ನು 2.8 ಕೋಟಿ ಎಂದು ಹಿಡಿದರೆ 5.6 ಲಕ್ಷ ಮಂದಿ ಬೇಕಾಗುತ್ತಾರೆ. 2009ರ ಕೊನೆಗೆ ಅಲ್ಲಿದ್ದ ಅಮೆರಿಕನ್ನರು ಸುಮಾರು 68,000. ನ್ಯಾಟೋ ಮಿತ್ರದೇಶಗಳವರು, ಅಫ್ಘನ್ ಸೇನೆ, ಪೊಲೀಸರು ಎಲ್ಲರನ್ನೂ ಕೂಡಿಸಿದರೂ ಮೊತ್ತ 3 ಲಕ್ಷದ ಆಸುಪಾಸು. ಇದಕ್ಕೆ 30,000 ಸೇರಿಸಿದರೆ ಕೊರತೆಯ ಒಂದು ಸಣ್ಣ ಮೂಲೆ ಮಾತ್ರ ತುಂಬುತ್ತದೆ.

ಅಲ್ಲಿದ್ದ ಅಮೆರಿಕ ಮತ್ತು ನ್ಯಾಟೋ ಪಡೆಗಳ ಸೇನಾಧಿಪತಿ ಜನರಲ್ ಸ್ಟ್ಯಾನ್ಲಿ ಮೆಕ್ರಿಸ್ಟಲ್ ಆಗಸ್ಟ್ 30ರ ತಮ್ಮ ವರದಿಯ ಬಳಿಕ ಮೂರು ದಾರಿ ಮುಂದಿಟ್ಟರು: ತರಬೇತಿಗೆ ಮಾತ್ರ ಸಾಲುವಷ್ಟು ಸುಮಾರು 10,000; 40,000; ಇಲ್ಲವೇ ಸುಮಾರು 85,000. ಮೂರು ಆಯ್ಕೆಗಳಲ್ಲಿ ಮೊದಲನೆಯದು ತೀರಾ ಸಣ್ಣದು, ಕೊನೆಯದು ಯಾರಿಂದಲೂ ಆಗದ್ದು. ಇಂಥ ಪಟ್ಟಿ ಕೈಗೆ ಬಂದವರ ಕಣ್ಣು ತಾನಾಗಿ ನಡುವಿನದರ ಮೇಲೆ ಬೀಳುತ್ತದೆ. 40,000ವನ್ನು ಒಂದಿಷ್ಟು ಇಳಿಸಿ 30,000 ಮಾಡಲಾಯಿತು, ಉಳಿದದ್ದನ್ನು ಮಿತ್ರದೇಶಗಳು ಕೊಡಲಿ ಎನ್ನಲಾಯಿತು. ಕೊರತೆ ಮುಚ್ಚಲು ಮಾಡಿದ ಹೊಂದಾಣಿಕೆ ಎಂದರೆ ಇಡೀ ದೇಶವನ್ನು ಬಿಟ್ಟು ಸುಮಾರು 400 ಜಿಲ್ಲೆಗಳ ಪೈಕಿ 80ನ್ನು ಮುಖ್ಯವೆಂದು ಆರಿಸಿಕೊಂಡದ್ದು. ಉಳಿದ ಜಿಲ್ಲೆಗಳಿಗೆ ಬಂಡುಕೋರರು ಸರಿದುಹೋದರೆ ಏನು ಮಾಡಬೇಕು ಎಂಬುದಕ್ಕೆ ಆ ಯೋಜನೆಯಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ವಿಷಯ ಗಮನಿಸಿ. 30,000 ಮಂದಿ ಹೋದರೆಂದರೆ 30,000 ಬಂದೂಕು ಗಸ್ತು ತಿರುಗುತ್ತವೆ ಎಂದಲ್ಲ. ಅಡುಗೆ, ಇಂಧನ, ದುರಸ್ತಿ, ಆಸ್ಪತ್ರೆ, ಹೆಲಿಕಾಪ್ಟರ್, ಸಂಪರ್ಕ, ಶಿಬಿರದ ಕಾವಲು ಎಲ್ಲ ಅದರೊಳಗೇ ಬರಬೇಕು. ಜತೆಗೆ ಒಂದು ಬ್ರಿಗೇಡ್ (ಕೆಲವು ಸಾವಿರ ಸೈನಿಕರ ಪಡೆ) ಯುದ್ಧಭೂಮಿಯಲ್ಲಿದ್ದರೆ, ಈಗಷ್ಟೇ ಮರಳಿದ್ದು ಒಂದು, ಹೊರಡಲು ತಯಾರಾಗುತ್ತಿರುವುದು ಇನ್ನೊಂದು. ಅಂದರೆ ಮುಂದಿರುವ ಒಬ್ಬನ ಹಿಂದೆ ಇಬ್ಬರು. ಸೈನಿಕರನ್ನು ಎಷ್ಟು ಕಾಲ ಅಲ್ಲಿಡಬಹುದು ಎಂಬುದನ್ನು ತೀರ್ಮಾನಿಸಿದ್ದು ಈ ಸರದಿ. ಸರ್ಕಾರದ ಅಂದಾಜಿನಲ್ಲೇ ಒಬ್ಬ ಸೈನಿಕನಿಗೆ ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್ ಖರ್ಚು. 30,000 ಮಂದಿಗೆ 3,000 ಕೋಟಿ ಡಾಲರ್. ದೂರದ ಠಾಣೆಗಳಿಗೆ ತಲುಪುವ ಹೊತ್ತಿಗೆ ಒಂದು ಗ್ಯಾಲನ್ ಇಂಧನದ ಬೆಲೆ 400 ಡಾಲರ್‌ವರೆಗೂ ಏರುತ್ತದೆ ಎಂದು ಅದೇ ವರ್ಷ ಅಮೆರಿಕದ ಸಂಸತ್ತಿಗೆ ತಿಳಿಸಲಾಗಿತ್ತು. ಗ್ಯಾಲನ್ ಎಂದರೆ ನಾಲ್ಕು ಲೀಟರಿಗೂ ತುಸು ಕಡಿಮೆ.

ಅಲ್ ಖೈದಾ ಮತ್ತೆ ನೆಲೆಯೂರಬಾರದು ಎಂಬ ಕಾರಣ ಕೊಟ್ಟರಲ್ಲ, ಅದು ತಪ್ಪೇ?
— ಓದುಗರು, ಮೈಸೂರು

ಗುರಿ ತಪ್ಪಲ್ಲ. 2001ರ ಸೆಪ್ಟೆಂಬರ್ 11ರ ದಾಳಿಗೆ ಅಫ್ಘಾನಿಸ್ತಾನದ ಶಿಬಿರಗಳು ನೆರವಾಗಿದ್ದವು ಎಂಬುದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇರುವುದು ಗುರಿಯಿಂದ ಸಂಖ್ಯೆಯವರೆಗೆ ಕಟ್ಟಿದ ವಾದದ ಸರಪಳಿಯಲ್ಲಿ. ಅಲ್ ಖೈದಾ ಮರಳಬಾರದು. ಅದಕ್ಕೆ ತಾಲಿಬಾನ್ ಗೆಲ್ಲಬಾರದು. ಅದಕ್ಕೆ ಕಾಬೂಲಿನ ಸರ್ಕಾರ ಗಟ್ಟಿಯಾಗಬೇಕು. ಅದಕ್ಕೆ ಹಳ್ಳಿಯ ಜನ ಸರ್ಕಾರವನ್ನು ನಂಬಬೇಕು. ಅದಕ್ಕೆ ಹಳ್ಳಿಯಲ್ಲಿ ವಿದೇಶಿ ಸೈನಿಕರಿರಬೇಕು. ಒಂದೊಂದು ಕೊಂಡಿಯನ್ನೂ ಬೇರೆಬೇರೆಯಾಗಿ ಎಳೆದು ನೋಡಬೇಕಿತ್ತು.

ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರ ಜೇಮ್ಸ್ ಜೋನ್ಸ್ 2009ರ ಅಕ್ಟೋಬರಿನಲ್ಲಿ ಬಹಿರಂಗವಾಗಿಯೇ, ಅಫ್ಘಾನಿಸ್ತಾನದಲ್ಲಿ ಉಳಿದಿರುವ ಅಲ್ ಖೈದಾದವರು ನೂರಕ್ಕಿಂತ ಕಡಿಮೆ ಎಂದಿದ್ದರು. ಸಂಘಟನೆಯ ನಾಯಕರು ಆಗ ಪಾಕಿಸ್ತಾನದಲ್ಲಿದ್ದರು. 2011ರ ಮೇ 2ರಂದು ಒಸಾಮಾ ಬಿನ್ ಲಾಡೆನ್ ಸತ್ತದ್ದು ಅಬೋಟಾಬಾದ್‌ನಲ್ಲಿ. ಆ ಕಾರ್ಯಾಚರಣೆಗೆ ಬೇಕಾದದ್ದು ವರ್ಷಗಟ್ಟಲೆ ನಡೆದ ಗುಪ್ತಚರ ಕೆಲಸ ಮತ್ತು ಬೆರಳೆಣಿಕೆಯ ಹೆಲಿಕಾಪ್ಟರುಗಳು.

ನಡುವಿನ ಕೊಂಡಿಯಂತೂ ಆ ಹೊತ್ತಿಗಾಗಲೇ ಮುರಿದಿತ್ತು. 2009ರ ಆಗಸ್ಟ್ 20ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆಗಿನ ಅಫ್ಘನ್ ಅಧ್ಯಕ್ಷ ಹಮೀದ್ ಕರ್ಜೈ ಪಡೆದಿದ್ದ ಮತಗಳ ಪೈಕಿ ಮೂರನೆಯ ಒಂದರಷ್ಟನ್ನು ತನಿಖೆಯ ಬಳಿಕ ಅಸಿಂಧು ಮಾಡಬೇಕಾಯಿತು. ಎರಡನೇ ಸುತ್ತಿನಿಂದ ಎದುರಾಳಿ ಅಬ್ದುಲ್ಲಾ ಅಬ್ದುಲ್ಲಾ ಹಿಂದೆ ಸರಿದರು, ಕರ್ಜೈ ಗೆದ್ದರು ಎಂದು ನವೆಂಬರ್ 2ರಂದು ಸಾರಲಾಯಿತು. ಕಾಬೂಲಿನಲ್ಲಿದ್ದ ಅಮೆರಿಕದ ರಾಯಭಾರಿ ಕಾರ್ಲ್ ಐಕನ್‌ಬೆರಿ ಅದೇ ತಿಂಗಳು ವಾಷಿಂಗ್ಟನ್ನಿಗೆ ಎರಡು ಗುಪ್ತ ಸಂದೇಶ ಕಳುಹಿಸಿ, ಕರ್ಜೈ ನಂಬಿ ಜತೆಗೂಡಬಹುದಾದ ಪಾಲುದಾರರಲ್ಲ, ಹೆಚ್ಚು ಸೈನಿಕರು ಬಂದಷ್ಟೂ ಅಫ್ಘನ್ನರು ತಮ್ಮ ಹೊಣೆಯನ್ನು ಹೊರುವುದು ಮುಂದಕ್ಕೆ ಹೋಗುತ್ತದೆ ಎಂದು ಎಚ್ಚರಿಸಿದರು. ಐಕನ್‌ಬೆರಿ ಸ್ವತಃ ನಿವೃತ್ತ ಜನರಲ್. ಅದೇ ಯುದ್ಧದಲ್ಲಿ ಪಡೆಗಳನ್ನು ನಡೆಸಿದವರು. ಹಾಗಾಗಿ ಇದನ್ನು ಸೇನೆ ಅರಿಯದ ರಾಜತಾಂತ್ರಿಕನ ಮಾತು ಎಂದು ತಳ್ಳಿಹಾಕುವಂತಿರಲಿಲ್ಲ. ಆದರೂ ಸಂದೇಶ ತಲುಪಿದ ಕೆಲವೇ ವಾರಗಳಲ್ಲಿ ಘೋಷಣೆ ಹೊರಬಿತ್ತು.

‘ತೆರವು ಮಾಡು, ಹಿಡಿದಿಡು, ಕಟ್ಟು’ ಎನ್ನುವ ತಂತ್ರ ಕಾಗದದ ಮೇಲೆ ಸರಿಯಾಗೇ ಕಾಣುತ್ತದೆ. ನೆಲದ ಮೇಲೆ ಕೆಡುವುದು ಎಲ್ಲಿ?
— ಓದುಗರು, ಹಾಸನ

ಎರಡನೆಯ ಹೆಜ್ಜೆಯಲ್ಲಿ, ಅಂದರೆ ಬಂಡುಕೋರರನ್ನು ತೆರವು ಮಾಡಿದ ನೆಲ ಮತ್ತೆ ಅವರ ಕೈಗೆ ಹೋಗದಂತೆ ಹಿಡಿದಿಡುವುದರಲ್ಲಿ. ಹೆಲ್ಮಂಡ್ ಪ್ರಾಂತ್ಯದ ಮಾರ್ಜಾ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಪಟ್ಟಣವಲ್ಲ, ಕಾಲುವೆಗಳ ಜಾಲದ ನಡುವೆ ಹರಡಿದ ಹೊಲ-ಮನೆಗಳ ಬಯಲು. 2010ರ ಫೆಬ್ರವರಿ 13ರಂದು ನ್ಯಾಟೋ ಮತ್ತು ಅಫ್ಘನ್ ಪಡೆಗಳು ಅಲ್ಲಿಗೂ ಸುತ್ತಲಿನ ಪ್ರದೇಶಕ್ಕೂ ನುಗ್ಗಿದವು. ಇಡೀ ಕಾರ್ಯಾಚರಣೆಯಲ್ಲಿ ಸುಮಾರು 15,000 ಮಂದಿ ಇದ್ದರು. ತೆರವು ಕೆಲವೇ ವಾರಗಳಲ್ಲಿ ಮುಗಿಯಿತು. ಬಳಿಕ ಸಿದ್ಧ ಆಡಳಿತವನ್ನು ತಂದು ಕೂರಿಸುತ್ತೇವೆ ಎಂದು ಮೆಕ್ರಿಸ್ಟಲ್ ಹೇಳಿದ್ದರು.

ಆ ಆಡಳಿತ ಬರಲಿಲ್ಲ. ದಕ್ಷಿಣದ ಆ ಜಿಲ್ಲೆಯಲ್ಲಿ ಕೆಲಸಕ್ಕೆ ಬರಲು ಒಪ್ಪುವ ಅಧಿಕಾರಿಗಳು, ಶಿಕ್ಷಕರು, ನ್ಯಾಯಾಧೀಶರು ಸಿಗುವುದೇ ಕಷ್ಟವಾಗಿತ್ತು. ಅಫ್ಘನ್ ಸೇನೆಯಲ್ಲಿ ದಕ್ಷಿಣದ ಪಶ್ತೂನರು ತೀರಾ ಕಡಿಮೆ ಇದ್ದರು; ದರಿ ಭಾಷೆಯ ಸೈನಿಕನಿಗೆ ಪಶ್ತೋ ಮಾತಾಡುವ ಹೆಲ್ಮಂಡ್‌ನ ರೈತನ ಜತೆ ಮಾತಾಡಲು ದುಭಾಷಿ ಬೇಕಿತ್ತು. ಹಳೆಯ ಪೊಲೀಸರು ಸುಲಿಗೆ ಮಾಡಿದ್ದರಿಂದ ಅವರು ಮರಳುವುದು ಊರಿನವರಿಗೇ ಬೇಡವಾಗಿತ್ತು. ಹಗಲು ಗಸ್ತು ಹೋದ ಮೇಲೆ ರಾತ್ರಿ ತಾಲಿಬಾನ್ ಮನೆ ಬಾಗಿಲಿಗೆ ಬೆದರಿಕೆ ಪತ್ರ ಅಂಟಿಸುತ್ತಿತ್ತು. ಸೈನಿಕರಿಂದ ಬೀಜ-ಗೊಬ್ಬರ ಪಡೆದವರನ್ನು ಹುಡುಕಿ ಹೊಡೆಯುತ್ತಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಮೆಕ್ರಿಸ್ಟಲ್ ಅವರೇ ಮಾರ್ಜಾವನ್ನು ರಕ್ತ ಸೋರುವ ಹುಣ್ಣು ಎಂದರು. ಅಷ್ಟಾಗಿಯೂ ಹೆಲ್ಮಂಡ್‌ನಲ್ಲಿದ್ದದ್ದು ದೇಶದ ಜನಸಂಖ್ಯೆಯ ಸುಮಾರು ನೂರಕ್ಕೆ ನಾಲ್ಕರಷ್ಟು ಮಾತ್ರ. ಜನರನ್ನು ಕಾಯುವುದೇ ಗುರಿಯಾಗಿದ್ದರೆ ದಕ್ಷಿಣದ ದೊಡ್ಡ ನಗರ ಕಂದಹಾರ್ ಮೊದಲಾಗಬೇಕಿತ್ತು.

ಸರಬರಾಜಿನ ಕಡೆಯಿಂದಲೂ ಇದೇ ಕಥೆ. ಕರಾಚಿ ಬಂದರಿನಲ್ಲಿ ಇಳಿದ ಸಾಮಾನು ತೋರ್ಖಮ್ ಅಥವಾ ಚಮನ್ ಗಡಿ ದಾಟಿ ಲಾರಿಗಳಲ್ಲಿ ಬರಬೇಕಿತ್ತು. ದೇಶದೊಳಗಿನ ಸಾಗಣೆಗೆ 200 ಕೋಟಿ ಡಾಲರಿಗೂ ಹೆಚ್ಚಿನ ಗುತ್ತಿಗೆ ಕೊಡಲಾಗಿತ್ತು. ಲಾರಿ ಸುರಕ್ಷಿತವಾಗಿ ಹೋಗಲು ದಾರಿಯ ಸೇನಾಪಾಳೇಗಾರರಿಗೆ ದುಡ್ಡು ಕೊಡಲಾಗುತ್ತಿದೆ, ಅದರ ಪಾಲು ತಾಲಿಬಾನಿಗೂ ತಲುಪುತ್ತಿರಬಹುದು ಎಂದು 2010ರ ಜೂನಿನಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೇ ವರದಿ ಮಾಡಿತು. ಠಾಣೆ ಹೆಚ್ಚಿದರೆ ಲಾರಿ ಹೆಚ್ಚು, ಲಾರಿ ಹೆಚ್ಚಿದರೆ ಈ ಕಪ್ಪವೂ ಹೆಚ್ಚು.

ಕೊನೆಗೆ ಹಿಡಿದಿಡಬೇಕಾದದ್ದು ಅಫ್ಘನ್ ಸೇನೆ ತಾನೇ? ಅದರ ಬಹುಪಾಲು ಸೈನಿಕರಿಗೆ ಓದು ಬರಹ ಬರುತ್ತಿರಲಿಲ್ಲ, ಪ್ರತಿ ವರ್ಷ ಕಾಲು ಭಾಗದಷ್ಟು ಮಂದಿ ಬಿಟ್ಟು ಹೋಗುತ್ತಿದ್ದರು. ಹೊಸಬರನ್ನು ಸೇರಿಸಿ ತರಬೇತಿ ಕೊಡುತ್ತಿದ್ದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಈ ಸೇನೆಯನ್ನು ಸ್ವಂತ ದುಡ್ಡಿನಲ್ಲಿ ಸಾಕಲು ಇನ್ನೂ 15–20 ವರ್ಷ ತನ್ನಿಂದಾಗದು ಎಂದು ಕರ್ಜೈ ಅವರೇ 2009ರ ಡಿಸೆಂಬರಿನಲ್ಲಿ, ವೆಸ್ಟ್ ಪಾಯಿಂಟ್ ಭಾಷಣದ ಮರುವಾರ, ಅಮೆರಿಕದ ರಕ್ಷಣಾ ಕಾರ್ಯದರ್ಶಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದರು. ಭಾಷಣದಲ್ಲಿ ಕೊಟ್ಟಿದ್ದ ಗಡುವಾದರೋ 2011ರ ಜುಲೈ. ಆಗಿನಿಂದ ಸೈನಿಕರು ಮರಳತೊಡಗುತ್ತಾರೆ ಎಂದು. 20 ವರ್ಷ ಮತ್ತು 19 ತಿಂಗಳು: ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು.

ಇರಾಕಿನಲ್ಲಿ 2007ರಲ್ಲಿ ಹೆಚ್ಚುವರಿ ಸೈನಿಕರನ್ನು ಕಳುಹಿಸಿದಾಗ ಹಿಂಸೆ ಇಳಿಯಿತಲ್ಲ?
— ಓದುಗರು, ಕಲಬುರಗಿ

ಇಳಿಯಿತು. ಆದರೆ ಐದು ಬ್ರಿಗೇಡುಗಳು ಬರುವ ಮೊದಲೇ, 2006ರಲ್ಲಿ, ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳು ಅಲ್ ಖೈದಾ ವಿರುದ್ಧ ತಿರುಗಿದ್ದವು. ಮುಂದೆ ಸುಮಾರು ಒಂದು ಲಕ್ಷ ಮಂದಿ ತಿಂಗಳಿಗೆ 300 ಡಾಲರಿನಷ್ಟು ಸಂಬಳಕ್ಕೆ ಅಮೆರಿಕದ ಕಡೆ ಕಾವಲುಗಾರರಾದರು. ಶಿಯಾ ಧರ್ಮಗುರು ಮುಕ್ತದಾ ಅಲ್ ಸದರ್ 2007ರ ಆಗಸ್ಟಿನಲ್ಲಿ ತನ್ನ ಪಡೆಗೆ ಕದನ ನಿಲ್ಲಿಸಲು ಹೇಳಿದ. ಬಗ್ದಾದಿನ ಮಿಶ್ರ ಬಡಾವಣೆಗಳು ಅಷ್ಟರಲ್ಲಿ ಒಂದೊಂದು ಪಂಗಡದವಾಗಿ ಒಡೆದುಹೋಗಿದ್ದವು. ಹೊಸ ಸೈನಿಕರಿಂದ ಸಹಾಯವಾಯಿತು ನಿಜ, ಅವರೇ ಕಾರಣ ಎನ್ನಲಾಗದು. ಅಫ್ಘಾನಿಸ್ತಾನದಲ್ಲಿ ತೈಲದ ಆದಾಯವಿರಲಿಲ್ಲ, ಜನರಿದ್ದದ್ದು ಹಳ್ಳಿಗಳಲ್ಲಿ, ಬಂಡುಕೋರರಿಗೆ ಗಡಿಯಾಚೆ ಸುರಕ್ಷಿತ ನೆಲೆ ಇತ್ತು.

ಭಾರತ ಶ್ರೀಲಂಕಾಕ್ಕೆ ಸೇನೆ ಕಳುಹಿಸಿದ್ದನ್ನೂ ಇದೇ ಅಳತೆಯಲ್ಲಿ ನೋಡಬಹುದೇ?
— ನಿವೃತ್ತ ಸೈನಿಕರು, ಬೆಳಗಾವಿ

ಖಂಡಿತ ನೋಡಬಹುದು, ನೋಡಲೇಬೇಕು. 1987ರ ಜುಲೈ 29ರ ಒಪ್ಪಂದದ ಬಳಿಕ ಹೋದ ಶಾಂತಿಪಾಲನಾ ಪಡೆಯ ಕೆಲಸ ಕದನವಿರಾಮ ಕಾಯುವುದು, ತಮಿಳು ಸಂಘಟನೆಗಳು ಒಪ್ಪಿಸುವ ಶಸ್ತ್ರಗಳನ್ನು ಪಡೆಯುವುದು. 54ನೇ ಡಿವಿಷನ್ನಿನಿಂದ (ಡಿವಿಷನ್ ಎಂದರೆ ಹಲವು ಬ್ರಿಗೇಡುಗಳ ಪಡೆ) ಶುರುವಾಯಿತು. ಎಲ್‌ಟಿಟಿಇ ಶಸ್ತ್ರ ಪೂರ್ತಿ ಒಪ್ಪಿಸಲಿಲ್ಲ. ಅಕ್ಟೋಬರಿನಲ್ಲಿ ಜಾಫ್ನಾಕ್ಕಾಗಿ ಯುದ್ಧವೇ ಶುರುವಾಯಿತು. ಬಳಿಕ 36, 57, 4ನೇ ಡಿವಿಷನ್ನುಗಳ ಪಡೆಗಳೂ ಹೋಗಿ, ಒಟ್ಟು ಸಂಖ್ಯೆ 70,000 ದಾಟಿತು. ಒಪ್ಪಂದದಲ್ಲಿದ್ದ ಕೆಲಸ ಬದಲಾಗಿತ್ತು. ಬದಲಾದ ಕೆಲಸಕ್ಕೆ ಗುರಿ ಏನು, ಮುಗಿಯುವುದು ಯಾವಾಗ ಎಂದು ಯಾರೂ ಬರೆದಿಡಲಿಲ್ಲ.

ಇಲ್ಲೂ ಸೋತದ್ದು ಸ್ಥಳೀಯ ಪಾಲುದಾರನ ಪ್ರಶ್ನೆಯಲ್ಲಿ. 1989ರಲ್ಲಿ ಅಧ್ಯಕ್ಷ ಪ್ರೇಮದಾಸ ನಮ್ಮ ಪಡೆ ಹೊರಡಬೇಕೆಂದು ಬಹಿರಂಗವಾಗಿ ಗಡುವು ಕೊಟ್ಟರು, ಅವರ ಸರ್ಕಾರ ಎಲ್‌ಟಿಟಿಇಗೆ ಶಸ್ತ್ರವನ್ನೂ ಕೊಟ್ಟಿತು. ಕರೆಸಿಕೊಂಡ ಸರ್ಕಾರವೇ ಎದುರಾಳಿಯ ಕೈ ಹಿಡಿದಾಗ ಇನ್ನೊಂದು ಡಿವಿಷನ್ ಹೋಗಿದ್ದರೂ ಪ್ರಯೋಜನವಿರಲಿಲ್ಲ. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಮರಳುವಷ್ಟರಲ್ಲಿ ಸುಮಾರು 1,200 ಸೈನಿಕರು ಪ್ರಾಣ ಕೊಟ್ಟಿದ್ದರು. ಅವರ ಶೌರ್ಯದ ಬಗ್ಗೆ ಎರಡು ಮಾತಿಲ್ಲ. ಪ್ರಶ್ನೆ ಕೇಳಬೇಕಾದದ್ದು ಕಳುಹಿಸಿದವರನ್ನು. 2003ರ ಜುಲೈಯಲ್ಲಿ ಅಮೆರಿಕ ಇರಾಕಿಗೆ ಒಂದು ಡಿವಿಷನ್ ಕೇಳಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದು ವಾಜಪೇಯಿ ಸರ್ಕಾರ ನಿರಾಕರಿಸಿತು. ಅದು ಸರಿಯಾದ ನಿರ್ಧಾರ ಎಂಬುದೇ ನಮ್ಮ ಅಭಿಪ್ರಾಯ.

ಸೈನಿಕರು ಹಿಂದಿರುಗಿದ ಮೇಲೆ ಹೆಣ್ಣುಮಕ್ಕಳ ಶಾಲೆ ಮುಚ್ಚಿತು. ಹಾಗಾದರೆ ಹೋದದ್ದೇ ಸರಿಯಲ್ಲವೇ?
— ಶಿಕ್ಷಕಿ, ಮಂಗಳೂರು

2021ರಲ್ಲಿ ತಾಲಿಬಾನ್ ಅಧಿಕಾರಕ್ಕೆ ಮರಳಿದ ಬಳಿಕ ಅಲ್ಲಿನ ಹುಡುಗಿಯರಿಗೆ ಆರನೇ ತರಗತಿಯ ಮೇಲೆ ಓದಲು ಬಿಡುತ್ತಿಲ್ಲ. ಅದು ಘೋರ ಅನ್ಯಾಯ. ಆದರೆ 2009ರ ಭಾಷಣದಲ್ಲಿ ಹೇಳಿದ ಮೂರು ಗುರಿಗಳು ಇವು: ಅಲ್ ಖೈದಾಗೆ ನೆಲೆ ಸಿಗದಂತೆ ಮಾಡುವುದು, ತಾಲಿಬಾನಿನ ಓಟ ತಡೆಯುವುದು, ಅಫ್ಘನ್ ಪಡೆ ಮತ್ತು ಸರ್ಕಾರವನ್ನು ಬಲಪಡಿಸುವುದು. ಹೆಣ್ಣುಮಕ್ಕಳ ಶಿಕ್ಷಣ ಆ ಮೂರರಲ್ಲಿ ಇರಲಿಲ್ಲ. ಯುದ್ಧ ನಡೆದ ಹಳ್ಳಿಗಳಲ್ಲಿ ಜನ ತೆತ್ತ ಬೆಲೆಯನ್ನೂ ನೋಡಿ: ವಿಶ್ವಸಂಸ್ಥೆಯ ಎಣಿಕೆಯಲ್ಲಿ ಸತ್ತ ನಾಗರಿಕರು 2009ರಲ್ಲಿ 2,412, 2010ರಲ್ಲಿ 2,777, 2011ರಲ್ಲಿ 3,021. ಹೆಚ್ಚಿನವರನ್ನು ಕೊಂದದ್ದು ತಾಲಿಬಾನ್ ಮತ್ತದರ ಜತೆಗಾರರು. ಆದರೆ ಸಾವು ಏರಿದ್ದು ಸೈನಿಕರ ಸಂಖ್ಯೆ ಒಂದು ಲಕ್ಷ ಮುಟ್ಟಿದ ಅವಧಿಯಲ್ಲೇ. ಜನರನ್ನು ಕಾಯಲು ಬಂದೆವು ಎಂದವರು ಇದಕ್ಕೆ ಉತ್ತರ ಹೇಳಬೇಕಿತ್ತು.

‘ಈಗ ಹಿಂದೆ ಬಂದರೆ ಸತ್ತವರ ತ್ಯಾಗ ವ್ಯರ್ಥ’ ಎಂಬ ಮಾತಿಗೆ ಎದುರು ಏನು ಹೇಳುವುದು?
— ಚರ್ಚಾಸ್ಪರ್ಧೆಗೆ ತಯಾರಾಗುತ್ತಿರುವ ವಿದ್ಯಾರ್ಥಿನಿ, ತುಮಕೂರು

ಆ ಮಾತಿನ ಹಿಂದಿನ ನೋವು ನಿಜವಾದದ್ದು, ಅದನ್ನು ಹಗುರ ಮಾಡಬೇಡಿ. ಆದರೆ ಮುಂದೆ ಹೋಗುವವನು ಬದುಕಿರುವ ಇನ್ನೊಬ್ಬ. ಅವನಿಗೆ ಅವನದೇ ಕಾರಣ ಬೇಕು.

ವಾದಕ್ಕೆ ಒಂದು ಗಟ್ಟಿ ನಿದರ್ಶನ ಬಳಸಿ. 1968ರಲ್ಲಿ ವಿಯೆಟ್ನಾಮಿನಲ್ಲಿ ಅಮೆರಿಕದ ಸುಮಾರು 5 ಲಕ್ಷ ಸೈನಿಕರಿದ್ದಾಗಲೇ ಇನ್ನೂ 2,06,000 ಬೇಕೆಂಬ ಬೇಡಿಕೆ ಬಂತು. ಮಾರ್ಚ್ 1ರಂದು ರಕ್ಷಣಾ ಕಾರ್ಯದರ್ಶಿಯಾದ ಕ್ಲಾರ್ಕ್ ಕ್ಲಿಫರ್ಡ್ ಯುದ್ಧವನ್ನು ಬೆಂಬಲಿಸುತ್ತಿದ್ದವರೇ. ಅವರು ಸೇನಾ ಮುಖ್ಯಸ್ಥರನ್ನು ಕೂರಿಸಿಕೊಂಡು ಕೇಳಿದರು: ಇಷ್ಟು ಮಂದಿ ಸಾಕೇ? ಸಾಲದಿದ್ದರೆ ಇನ್ನೆಷ್ಟು, ಯಾವಾಗ? ಶತ್ರುವೂ ಅಷ್ಟೇ ಮಂದಿಯನ್ನು ಸೇರಿಸಿದರೆ? ಗೆಲ್ಲುವ ಯೋಜನೆ ಯಾವುದು? ತೃಪ್ತಿಕರ ಉತ್ತರ ಒಂದೂ ಸಿಗಲಿಲ್ಲ. ಕ್ಲಿಫರ್ಡ್ ಅವರ ಮನಸ್ಸು ಬದಲಾಯಿತು. ಮಾರ್ಚ್ 31ರ ಭಾಷಣದಲ್ಲಿ ಅಧ್ಯಕ್ಷ ಜಾನ್ಸನ್ ಉತ್ತರ ವಿಯೆಟ್ನಾಮಿನ ಬಹುಭಾಗದ ಮೇಲೆ ಬಾಂಬ್ ದಾಳಿ ನಿಲ್ಲಿಸಿ ಮಾತುಕತೆಗೆ ಕರೆದರು. ಹೊಸದಾಗಿ ಹೋದದ್ದು ಕೇಳಿದ್ದರ ಸಣ್ಣ ಪಾಲು ಮಾತ್ರ.

ಸ್ಪರ್ಧೆಯಲ್ಲಿ ಎದುರಿನವರು ಸಂಖ್ಯೆ ಹೇಳಿದ ಕೂಡಲೇ ಸಂಖ್ಯೆಯ ಮೇಲೆ ಜಗಳಕ್ಕಿಳಿಯಬೇಡಿ. ಮೊದಲು ಗುರಿಯನ್ನು ಒಂದೇ ವಾಕ್ಯದಲ್ಲಿ ಹೇಳಿಸಿ. ಆಮೇಲೆ, ಸೈನಿಕರು ಹೊರಟ ಮರುದಿನ ಆ ಜಿಲ್ಲೆಯಲ್ಲಿ ಯಾರಿರುತ್ತಾರೆ, ಅವರಿಗೆ ಸಂಬಳ ಕೊಡುವವರು ಯಾರು ಎಂದು ಕೇಳಿ. ಯೋಜನೆ ಸೋಲುತ್ತಿದೆ ಎಂದು ಯಾವ ದಿನಾಂಕಕ್ಕೆ, ಯಾವ ಗುರುತಿನಿಂದ ಒಪ್ಪಿಕೊಳ್ಳುತ್ತೀರಿ ಎಂಬ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಳ್ಳಿ. ಉತ್ತರ ಹೇಳಲು ಅತಿ ಕಷ್ಟವಾದದ್ದು ಅದೇ.

ಹೆಚ್ಚುವರಿ ಸೈನಿಕರು ಮರಳಿದ್ದು ಯಾವಾಗ? ಆಮೇಲೆ ಮತ್ತೆ ಕಳುಹಿಸಿದರೇ?
— ಓದುಗರು, ಶಿರಸಿ

ಘೋಷಿಸಿದ್ದ 30,000ಕ್ಕಿಂತ ತುಸು ಹೆಚ್ಚಾಗಿ ಕೊನೆಗೆ ಹೋದ 33,000 ಮಂದಿಯೂ 2012ರ ಸೆಪ್ಟೆಂಬರಿನೊಳಗೆ ಹಿಂದಿರುಗಿದರು. 2017ರ ಆಗಸ್ಟಿನಲ್ಲಿ ಅಧ್ಯಕ್ಷ ಟ್ರಂಪ್ ಮತ್ತೆ ಹೆಚ್ಚಿಸಲು ಒಪ್ಪಿದರು, ಒಟ್ಟು ಸುಮಾರು 14,000 ಆಯಿತು; ಈ ಸಲ ಗಡುವು ಕೊಡಲಿಲ್ಲ. 2020ರ ಫೆಬ್ರವರಿ 29ರಂದು ದೋಹಾದಲ್ಲಿ ತಾಲಿಬಾನ್ ಜತೆ ಒಪ್ಪಂದಕ್ಕೆ ಸಹಿ ಬಿತ್ತು. ಕಾಬೂಲಿನ ಸರ್ಕಾರ ಅದರಲ್ಲಿ ಪಕ್ಷವಾಗಿರಲಿಲ್ಲ. 2021ರ ಆಗಸ್ಟ್ 15ರಂದು ಕಾಬೂಲು ತಾಲಿಬಾನ್ ವಶವಾಯಿತು. ಮಾರ್ಜಾ ಅದಕ್ಕೂ ಮೊದಲೇ ಕೈಬಿಟ್ಟಿತ್ತು.