ಕ್ವೇಕರರ ಸಭೆಗೆ ಹೋದರೆ ಮತಾಂತರವಾದಂತೆಯೇ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು. ಗಂಡನ ಕೆಲಸದ ನಿಮಿತ್ತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಕಳೆದ ವರ್ಷದಿಂದ ಪ್ರತಿ ಭಾನುವಾರ ಇಲ್ಲಿನ ಕ್ವೇಕರರ (ಕ್ರೈಸ್ತ ಮೂಲದ ಒಂದು ಪಂಥದವರ) ಸಭೆಗೆ ಹೋಗುತ್ತಿದ್ದೇನೆ. ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಹಾಡಿಲ್ಲ. ಸುತ್ತಲೂ ಕುರ್ಚಿ ಹಾಕಿಕೊಂಡು ಒಂದು ಗಂಟೆ ಮೌನವಾಗಿ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಿ ಕೂರುತ್ತಾರೆ. ಅಲ್ಲಿ ಮನಸ್ಸಿಗೆ ಹಿತವೆನಿಸುತ್ತದೆ. ಆದರೆ ಅಮ್ಮ ಫೋನಿನಲ್ಲಿ ‘ಮತ ಬಿಟ್ಟೆಯಾ?’ ಎಂದು ಅಳುತ್ತಾರೆ. ವರಮಹಾಲಕ್ಷ್ಮಿ ಕೂರಿಸುವುದನ್ನು ನಾನು ಬಿಟ್ಟಿಲ್ಲ. ಸದಸ್ಯತ್ವಕ್ಕೆ ಅರ್ಜಿ ಹಾಕಬಹುದೆಂದು ಒಬ್ಬರು ಹೇಳಿದರು. ಆ ಕೋಣೆಯಲ್ಲಿ ಬಿಳಿಯರಲ್ಲದವಳು ನಾನೊಬ್ಬಳೇ. ಒಮ್ಮೆ ಎದ್ದು ಮಾತನಾಡಬೇಕೆನಿಸಿತು. ಮಾತು ಕನ್ನಡದಲ್ಲೇ ಬಂತು, ನುಂಗಿಕೊಂಡೆ. ನಾನು ಅವರಲ್ಲಿ ಒಬ್ಬಳೇ?
– ಹೆಸರು ಬೇಡ, ಬರ್ಮಿಂಗ್‌ಹ್ಯಾಮ್

ಉತ್ತರ: ಮೊದಲು ಅಮ್ಮನ ಕಣ್ಣೀರು. ಬ್ರಿಟನ್ನಿನ ಕ್ವೇಕರರಲ್ಲಿ ದೀಕ್ಷಾಸ್ನಾನವೇ ಇಲ್ಲ, ಎಲ್ಲರೆದುರು ಒಪ್ಪಿ ಹೇಳಬೇಕಾದ ನಂಬಿಕೆಯ ಪಟ್ಟಿಯೂ ಇಲ್ಲ. ಅಮ್ಮನಿಗೆ ಗಾಂಧೀಜಿಯ ವಿಷಯ ಹೇಳಿ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಬಂದಿದ್ದ ಅವರು ನಿಮ್ಮ ಊರಿನ ಸೆಲ್ಲಿ ಓಕ್‌ನಲ್ಲಿರುವ ವುಡ್‌ಬ್ರುಕ್‌ಗೂ ಹೋಗಿದ್ದರು. ಚಾಕೊಲೇಟಿನ ಜಾರ್ಜ್ ಕ್ಯಾಡ್ಬರಿ ಕ್ವೇಕರರ ಶಿಕ್ಷಣಕ್ಕೆಂದು ಬಿಟ್ಟುಕೊಟ್ಟ ಬಂಗಲೆ ಅದು. ಅಲ್ಲಿ ಹೋಗಿ ಬಂದ ಮೇಲೆ ಗಾಂಧೀಜಿ ರಾಮನಾಮವನ್ನೇನೂ ಬಿಡಲಿಲ್ಲ.

ಆದರೆ ಅಮ್ಮನನ್ನು ಸಮಾಧಾನಪಡಿಸಲು ಸುಳ್ಳು ಹೇಳಬೇಡಿ. ಈ ಪಂಥದ ಬೇರು ಕ್ರೈಸ್ತ ಮತದಲ್ಲೇ ಇದೆ. 17ನೆಯ ಶತಮಾನದಲ್ಲಿ ಇದನ್ನು ಶುರುಮಾಡಿದ ಜಾರ್ಜ್ ಫಾಕ್ಸ್ ಬೈಬಲನ್ನು ಅರೆದು ಕುಡಿದವರು. ಕೆನ್ಯಾದಲ್ಲಿ ಲೆಕ್ಕವಿಲ್ಲದಷ್ಟು ಕ್ವೇಕರರಿದ್ದಾರೆ, ಅಲ್ಲಿ ಪಾದ್ರಿಗಳೂ ಉಂಟು, ಹಾಡೂ ಉಂಟು. ಇನ್ನೊಂದು ಮಾತು: ‘ಇದೆಲ್ಲ ನಮ್ಮ ಅನುಭವ ಮಂಟಪದಲ್ಲೇ ಇತ್ತು’ ಎಂದು ಅಲ್ಲಿ ಹೇಳಿಕೊಂಡು ತಿರುಗಬೇಡಿ. ಕರೆದವರ ಮನೆಯಲ್ಲಿ ಊಟಕ್ಕೆ ಕೂತು ನಮ್ಮ ಮನೆಯ ಸಾರನ್ನು ಹೊಗಳುವುದು ನನಗಂತೂ ಸರಿಬರುವುದಿಲ್ಲ.

ಸದಸ್ಯತ್ವದ ಅವಸರ ಬೇಡ. ಯಾರ್ಕ್‌ಷೈರ್‌ನಲ್ಲಿ ನರ್ಸ್ ಆಗಿದ್ದಾಗ ನಾನೂ ಇಂಥದೊಂದು ಸಭೆಗೆ ಹೋಗುತ್ತಿದ್ದೆ. ಅರ್ಜಿ ಹಾಕಲೇ ಇಲ್ಲ, ಯಾರೂ ಕೇಳಲೂ ಇಲ್ಲ. ಗಂಟೆ ಮುಗಿಯುತ್ತಿದ್ದಂತೆ ಹಿರಿಯರಿಬ್ಬರು ಕೈಕುಲುಕುತ್ತಾರೆ, ಉಳಿದವರೂ ಅಕ್ಕಪಕ್ಕದವರ ಕೈಹಿಡಿಯುತ್ತಾರೆ, ಆಮೇಲೆ ಚಹಾ. ಒಂದು ಭಾನುವಾರ ನಿವೃತ್ತ ಬಸ್ ಚಾಲಕರೊಬ್ಬರು ಕಪ್ಪು ತೊಳೆಯುತ್ತ, ನನ್ನನ್ನು ಕೇಳದೆಯೇ ಒರೆಸುವ ಬಟ್ಟೆಯನ್ನು ಕೈಗೆ ತುರುಕಿ, ತಮ್ಮ ಮಂಡಿನೋವಿನ ಪುರಾಣ ತೆಗೆದರು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಅತಿಥಿಯಂತೆ ಕೂರಿಸಿ ಬಿಸ್ಕತ್ತು ಕೊಡುತ್ತಿದ್ದರು. ನೀವು ಆ ಅಡುಗೆಮನೆಗೆ ಹೋಗುತ್ತೀರೋ ಇಲ್ಲವೋ ಬರೆದಿಲ್ಲ. ಹೋಗಿ.

ಸಭೆ ನಡೆಸಿಕೊಡುವವರನ್ನು ಅಲ್ಲಿ ಕ್ಲರ್ಕ್ ಎನ್ನುತ್ತಾರೆ. ಅವರ ಅನುಮತಿ ಕೇಳಿ ಅವರ ವ್ಯವಹಾರದ ಸಭೆಯಲ್ಲೂ ಒಮ್ಮೆ ಕೂತು ನೋಡಿ. ಅಲ್ಲಿ ಮತ ಹಾಕುವುದಿಲ್ಲ. ಸಭೆಯ ಒಲವು ಯಾವ ಕಡೆಗಿದೆ ಎಂಬುದನ್ನು ಕ್ಲರ್ಕ್ ಅಲ್ಲೇ ಬರೆದು ಓದುತ್ತಾರೆ. ಯಾರಿಗಾದರೂ ಮನಸ್ಸು ಒಪ್ಪದಿದ್ದರೆ ತಿದ್ದುತ್ತಾರೆ, ಇಲ್ಲವೇ ವಿಷಯವನ್ನು ಮುಂದಕ್ಕೆ ಹಾಕುತ್ತಾರೆ. ಮಾಡು ಸೋರುವುದಕ್ಕೆ ಯಾವ ನಿಧಿಯಿಂದ ಹಣ ತೆಗೆಯಬೇಕೆಂದು ಒಂದು ಇಡೀ ಮಧ್ಯಾಹ್ನ ನಡೆದ ಚರ್ಚೆಯಲ್ಲಿ ನಾನು ಕೂತಿದ್ದೇನೆ. ಅದನ್ನು ಸಹಿಸಿಕೊಂಡ ಮೇಲೂ ಅವರ ಮೇಲೆ ಪ್ರೀತಿ ಉಳಿದಿದ್ದರೆ ಆಗ ಅರ್ಜಿಯ ಯೋಚನೆ ಮಾಡಿ. ಸಾಮಾನ್ಯವಾಗಿ ಇಬ್ಬರು ನಿಮ್ಮೊಂದಿಗೆ ಕೂತು ಮಾತನಾಡುತ್ತಾರೆ. ಅವರು ಮನೆಗೆ ಬಂದಾಗ ದೇವರಮನೆಯ ಬಾಗಿಲು ತೆರೆದೇ ಇರಲಿ, ಕಾಫಿ ಕೊಟ್ಟು ವರಮಹಾಲಕ್ಷ್ಮಿಯ ವಿಷಯವನ್ನೂ ಹೇಳಿಬಿಡಿ. ತಮ್ಮ ಹಳೆಯ ಆಚರಣೆಗಳನ್ನು ಇಟ್ಟುಕೊಂಡೇ ಸದಸ್ಯರಾದವರು ಆ ದೇಶದಲ್ಲಿದ್ದಾರೆ.

ಬಣ್ಣದ ಮಾತು ನಿಜ, ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಬೇಡಿ. ಜನಾಂಗಭೇದದ ವಿರುದ್ಧ ನಿಲ್ಲುವ ಪಂಥವಾಗುತ್ತೇವೆಂದು ಬ್ರಿಟನ್ನಿನ ಕ್ವೇಕರರು 2021ರ ವಾರ್ಷಿಕ ಸಭೆಯಲ್ಲಿ ಬರೆದುಕೊಂಡಿದ್ದಾರೆ. ಬರೆಯುವುದು ಸುಲಭ. ಚಹಾದ ಮೇಜಿನ ಬಳಿ ‘ನೀವು ನಿಜವಾಗಿ ಎಲ್ಲಿಯವರು?’ ಎಂದು ಯಾರಾದರೂ ಕೇಳಿದರೆ ಶಿವಮೊಗ್ಗ ಎನ್ನಿ, ಚುಚ್ಚಿದ್ದರೆ ಚುಚ್ಚಿತೆಂದೂ ಹೇಳಿ. ಅವರ 42 ಸಲಹೆ-ಪ್ರಶ್ನೆಗಳ ಕಿರುಹೊತ್ತಿಗೆಯಲ್ಲಿ, ನಮ್ಮದೂ ತಪ್ಪಿರಬಹುದೆಂದು ಯೋಚಿಸಿ ಎಂಬ ಸಲಹೆಯೂ ಇದೆ. ಅದನ್ನು ಅವರಿಗೆ ನೆನಪಿಸುವ ಹಕ್ಕು ನಿಮಗೂ ಇದೆ.

ಕನ್ನಡದಲ್ಲಿ ಬಂದ ಮಾತನ್ನು ಕನ್ನಡದಲ್ಲೇ ಹೇಳಿ. ಬೇಕಿದ್ದರೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಸೇರಿಸಿ ಕೂತುಬಿಡಿ. ಯಾರೂ ಉತ್ತರ ಕೊಡುವುದಿಲ್ಲ, ಚಪ್ಪಾಳೆಯೂ ಇಲ್ಲ. ಮನೆಯಲ್ಲೇ ಸಿದ್ಧಮಾಡಿಕೊಂಡು ಹೋಗುವುದು ಮಾತ್ರ ಬೇಡ. ಈಗಷ್ಟೇ ಒಬ್ಬರು ಮಾತನಾಡಿ ಕೂತಿದ್ದರೆ ಸ್ವಲ್ಪ ಹೊತ್ತು ಬಿಡಿ.

ಗಂಡನ ಅಭಿಪ್ರಾಯವೇನೆಂದು ಬರೆದಿಲ್ಲ. ಅವರನ್ನು ಒಂದು ಗಂಟೆಯ ಮೌನಕ್ಕೆ ಎಳೆದೊಯ್ಯಬೇಡಿ. ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ದಿನ ನೋಡಿಕೊಂಡು, ಬಿಸಿಬೇಳೆಬಾತಿನ ಪಾತ್ರೆಯನ್ನು ಅವರ ಕೈಯಲ್ಲಿ ಹೊರಿಸಿ ಕರೆದೊಯ್ಯಿರಿ. ಖಾರ ಮಾತ್ರ ಅರ್ಧ ಹಾಕಿ.