ಬೋರ್‌ವೆಲ್ ನೀರಿನ ಮನೆಗೆ ಸೋಲಾರ್ ವಾಟರ್ ಹೀಟರ್: ಯಾವ ಟ್ಯಾಂಕ್, ಹೀಟ್ ಎಕ್ಸ್‌ಚೇಂಜರ್ ಬೇಕಾ?

ಅಣ್ಣ, ನಿಮಗೆ ಇದುವರೆಗೆ ಬಂದ ಉತ್ತರಗಳಲ್ಲಿ ಅರ್ಧ ಜನ "ಟ್ಯೂಬ್ ಹಾಕಿಸಿ, ಅಗ್ಗ" ಎಂದಿದ್ದಾರೆ, ಅಂದರೆ ಗಾಜಿನ ಟ್ಯೂಬ್‌ಗಳಲ್ಲಿ ನೀರು ಕಾಯುವ ಬಗೆ. ಉಳಿದವರು "ಪ್ಲೇಟ್ ಹಾಕಿಸಿ, ಬಾಳಿಕೆ" ಎಂದಿದ್ದಾರೆ, ಅಂದರೆ ತಾಮ್ರದ ಪೈಪ್‌ಗಳಿರುವ ಚಪ್ಪಟೆ ಪ್ಯಾನೆಲ್‌ನ ಬಗೆ. ನಿಮ್ಮ ನೀರು ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

ನೀವು ಬರೆದಿದ್ದು ಇಷ್ಟು. ಚಿಂತಾಮಣಿ ಹತ್ತಿರ ಹೊಸ ಮನೆ, ಆರು ಜನ, ಬೋರ್‌ವೆಲ್ ನೀರು, ಕಾಯಿಸಿದರೆ ಪಾತ್ರೆ ತಳದಲ್ಲಿ ಬಿಳಿ ಕೂರುತ್ತದೆ. 200 ಲೀಟರ್ ಟ್ಯೂಬ್ ಸೋಲಾರ್‌ಗೆ ಒಂದು ಕೊಟೇಶನ್ ಬಂದಿದೆ. ಹೀಟ್ ಎಕ್ಸ್‌ಚೇಂಜರ್ (ಎರಡು ನೀರು ಬೆರೆಯದೆ ಬಿಸಿ ಮಾತ್ರ ದಾಟಿಸುವ ಏರ್ಪಾಡು) ಇರುವ 200 ಲೀಟರ್ ಪ್ಲೇಟ್ ಸೋಲಾರ್‌ಗೆ ಇನ್ನೊಬ್ಬರು ಹೆಚ್ಚುಕಡಿಮೆ ಅದರ ಎರಡರಷ್ಟು ಕೇಳುತ್ತಿದ್ದಾರೆ. "ಎಕ್ಸ್‌ಚೇಂಜರ್ ಹಿಮ ಬೀಳುವ ಕಡೆಯವರಿಗೆ, ನಮಗ್ಯಾಕೆ" ಎಂದು ಪ್ಲಂಬರ್ ಹೇಳಿದ್ದಾರೆ. ಜೊತೆಗೆ, ಮನೆಯಲ್ಲಿರುವ ಹಳೇ ಡ್ರಮ್‌ಗೆ ತಾಮ್ರದ ಕಾಯಿಲ್ ಇಳಿಬಿಟ್ಟು ನಾವೇ ಮಾಡಿಕೊಳ್ಳಬಹುದಾ ಎಂದೂ ಕೇಳಿದ್ದೀರಿ.

ಪ್ಲಂಬರ್ ಹೇಳಿದ್ದು ಅರ್ಧ ನಿಜ. ಲಡಾಖ್‌ನಲ್ಲೋ ಯುರೋಪಿನಲ್ಲೋ ರಾತ್ರಿ ಪ್ಯಾನೆಲ್ ಒಳಗಿನ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಅದಕ್ಕೆ ಅಲ್ಲಿ ಪ್ಯಾನೆಲ್‌ನಲ್ಲಿ ಹೆಪ್ಪುಗಟ್ಟದ ದ್ರಾವಣ ಸುತ್ತುತ್ತದೆ, ಅದರ ಬಿಸಿ ಮಾತ್ರ ಟ್ಯಾಂಕಿನ ನೀರಿಗೆ ದಾಟುತ್ತದೆ. ನಮಗೆ ಹಿಮದ ಭಯವಿಲ್ಲ, ಸರಿ. ಆದರೆ ಸುಣ್ಣದ ಕಾಟ ಇದೆಯಲ್ಲ! ಕೋಲಾರ, ಚಿಕ್ಕಬಳ್ಳಾಪುರ ಕಡೆ ಎಕ್ಸ್‌ಚೇಂಜರ್ ಬೇಕಾಗುವುದು ಅದಕ್ಕೇ. ಬಳಸುವ ನೀರು ಪ್ಯಾನೆಲ್ ಒಳಗೆ ಕಾಲಿಡಬಾರದು, ಅಷ್ಟೇ.

ಒಂದು ಲೆಕ್ಕ ನೋಡಿ. ನಿಮ್ಮ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಶ, ಲೀಟರಿಗೆ 600 ಮಿಲಿಗ್ರಾಂ ಎಂದುಕೊಳ್ಳೋಣ. ಬೇರೆ ನೀರು ಸಿಗದ ಕಡೆ ಕುಡಿಯಲು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಒಪ್ಪುವ ಕೊನೆಯ ಮಿತಿ ಅದು. ದಿನಕ್ಕೆ 200 ಲೀಟರ್ ಎಂದರೆ ವರ್ಷಕ್ಕೆ 73,000 ಲೀಟರ್. ಅದರ ಜೊತೆ ಸುಮಾರು 44 ಕೆಜಿ ಸುಣ್ಣ ನಿಮ್ಮ ಸೋಲಾರ್ ಮೂಲಕ ಹಾದು ಹೋಗುತ್ತದೆ. ಎಲ್ಲವೂ ನಿಲ್ಲುವುದಿಲ್ಲ ಬಿಡಿ. ಇಪ್ಪತ್ತರಲ್ಲಿ ಒಂದು ಪಾಲು ನಿಂತರೂ ವರ್ಷಕ್ಕೆ 2 ಕೆಜಿ ಆಯಿತು. ನೀರು 60 ಡಿಗ್ರಿ ದಾಟಿದ ಮೇಲೆ ಸುಣ್ಣ ಬೇಗ ಬೇಗ ಕೂರುತ್ತದೆ. ಅದು ಕೂರುವುದೂ ಅತಿ ಬಿಸಿಯಾದ ಜಾಗದಲ್ಲೇ, ಅಂದರೆ ಪ್ಯಾನೆಲ್‌ನ ಅರ್ಧ ಇಂಚಿನ ತಾಮ್ರದ ಪೈಪ್‌ಗಳಲ್ಲಿ. ಟ್ಯೂಬ್ ಸೋಲಾರ್ ಆದರೆ ಗಾಜಿನ ಟ್ಯೂಬ್ ಒಳಗೆ. ತಾಮ್ರ ಬಿಸಿಯನ್ನು ಎಷ್ಟು ಚೆನ್ನಾಗಿ ದಾಟಿಸುತ್ತದೋ ಸುಣ್ಣ ಅಷ್ಟೇ ಚೆನ್ನಾಗಿ ತಡೆಯುತ್ತದೆ. ಬಚ್ಚಲು ಹಂಡೆಯೊಳಗೆ ಸುಣ್ಣ ಕಟ್ಟಿದ ಮೇಲೆ ಸೌದೆ ಜಾಸ್ತಿ ಬೇಕಾಗುತ್ತಿತ್ತಲ್ವಾ, ಅದೇ ಕಥೆ.

ಆದ್ದರಿಂದ ನನ್ನ ಮಾತು: ದುಡ್ಡು ಹೊಂದಿಸಲು ಆದರೆ ಜಾಕೆಟ್ ಟ್ಯಾಂಕ್ ಇರುವ ಪ್ಲೇಟ್ ಸೋಲಾರ್ ಹಾಕಿಸಿ. ಅದೂ ಎಕ್ಸ್‌ಚೇಂಜರ್‌ನ ಒಂದು ಬಗೆ, ಟ್ಯಾಂಕಿನೊಳಗೊಂದು ಟ್ಯಾಂಕ್ ಇದ್ದ ಹಾಗೆ. ಒಳಗಿನದರಲ್ಲಿ ಸ್ನಾನದ ನೀರು. ಅದರ ಸುತ್ತ ಒಂದು ತೆಳು ಪದರ, ಆ ಪದರದ ನೀರು ಮಾತ್ರ ಪ್ಯಾನೆಲ್‌ಗೆ ಹೋಗಿ ಬಿಸಿಯಾಗಿ ವಾಪಸ್ ಬರುತ್ತದೆ. ಪಂಪ್ ಬೇಡ, ಬಿಸಿ ನೀರು ತಾನೇ ಮೇಲೇರುತ್ತದೆ. ಸುತ್ತುವ ನೀರು ಸದಾ ಅದೇ ನೀರು. ಹಾಗಾಗಿ ಅದರಲ್ಲಿದ್ದ ಸುಣ್ಣ ಒಮ್ಮೆ ಕೂತರೆ ಮುಗಿಯಿತು, ಹೊಸದು ಬರುವುದಿಲ್ಲ. ಜಾಕೆಟ್ ನೀರು ಒಳಗಿನ ನೀರಿಗಿಂತ ಸ್ವಲ್ಪ ಜಾಸ್ತಿ ಬಿಸಿ ಇದ್ದರೇ ಶಾಖ ದಾಟುವುದು, ಆದ್ದರಿಂದ ನೇರ ಸಿಸ್ಟಮ್‌ಗಿಂತ ಕೆಲವು ಡಿಗ್ರಿ ಕಡಿಮೆ ಸಿಗುತ್ತದೆ. ನಮ್ಮ ಬಿಸಿಲಿಗೆ ಅದು ದೊಡ್ಡ ನಷ್ಟವಲ್ಲ.

ಇಲ್ಲಿ ನಾನು ತಿಂದ ಪೆಟ್ಟು ಹೇಳಲೇಬೇಕು. ನಮ್ಮದು ಮುಳಬಾಗಿಲು ಕಡೆ, ಜಾಕೆಟ್ ಟ್ಯಾಂಕೇ ಹಾಕಿಸಿದ್ದೆ. ಜಾಕೆಟ್ ನೀರು ಆವಿಯಾಗಿ ಕಡಿಮೆಯಾದರೆ ತುಂಬಿಕೊಳ್ಳಲು ಟ್ಯಾಂಕ್ ಮೇಲೆ ಬಕೆಟ್‌ನಷ್ಟು ಪುಟ್ಟ ತೊಟ್ಟಿ ಇರುತ್ತದೆ. ಹಾಕಿದವರು ಅದಕ್ಕೆ ಒಂದು ಫ್ಲೋಟ್ ವಾಲ್ವ್ (ನೀರು ಇಳಿದರೆ ತಾನೇ ತೆರೆದು ತುಂಬಿಸುವ ವಾಲ್ವ್) ಕೂರಿಸಿ, ಬೋರ್ ನೀರಿನ ಸಿಂಟೆಕ್ಸ್‌ನಿಂದ ಲೈನ್ ಕೊಟ್ಟು ಹೋದರು. "ನೀವು ನೋಡುವುದೇ ಬೇಡ ಸರ್, ಆಟೋಮ್ಯಾಟಿಕ್" ಎಂದರು. ನನಗೂ ಖುಷಿಯಾಯಿತು.

ಮೂರನೇ ವರ್ಷ ಡಿಸೆಂಬರ್‌ನಲ್ಲಿ ನೀರು ಉಗುರುಬೆಚ್ಚಗೂ ಆಗಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿ ಪ್ಯಾನೆಲ್ ಗಾಜು ಬಿಚ್ಚಿ, ಕೈಯಲ್ಲಿ ನೀರು ಹಿಡಿದು, ಪೈಪ್‌ಗಳಿಗೆ ಅಂಟಿಸಿರುವ ಲೋಹದ ಪಟ್ಟಿಗಳ ಮೇಲೆ ಚಿಮುಕಿಸಿದೆ. ಒಂದು ಪ್ಯಾನೆಲ್‌ನಲ್ಲಿ ಒಂಬತ್ತು ಪಟ್ಟಿ. ಐದರ ಮೇಲೆ ನೀರು ಹರಿದು ಕೆಳಗಿಳಿಯಿತು. ನಾಲ್ಕರ ಮೇಲೆ ಹನಿ ಬಿದ್ದಲ್ಲೇ ಆರಿತು. ಆ ನಾಲ್ಕರಲ್ಲಿ ಒಳಗೆ ನೀರೇ ಓಡುತ್ತಿರಲಿಲ್ಲ, ಬಿಸಿ ಅಲ್ಲೇ ನಿಂತಿತ್ತು.

ಕಾರಣ ಸಿಕ್ಕಿದ್ದು ಸಂಜೆ. ಪ್ಯಾನೆಲ್ ಕೆಳಗಿನ ಪೈಪ್ ಜೋಡಣೆಯಿಂದ (ಯೂನಿಯನ್) ಹನಿ ಹನಿ ಸೋರುತ್ತಿತ್ತು. ಬಿಸಿಲಿಗೆ ಅಲ್ಲೇ ಆರುತ್ತಿದ್ದರಿಂದ ತಾರಸಿ ಒದ್ದೆಯಾಗಿ ಕಾಣುತ್ತಿರಲಿಲ್ಲ, ಸುಮ್ನೆ ಒಂದು ಬಿಳಿ ಕಲೆ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 4 ಲೀಟರ್, ವರ್ಷಕ್ಕೆ ಸುಮಾರು 1,500 ಲೀಟರ್. ಅಷ್ಟೂ ಬೋರ್ ನೀರನ್ನು ಫ್ಲೋಟ್ ವಾಲ್ವ್ ಸದ್ದಿಲ್ಲದೆ ಜಾಕೆಟ್‌ಗೆ ತುಂಬಿಸುತ್ತಿತ್ತು. ಮೇಲಿನ ಲೆಕ್ಕದಲ್ಲೇ ವರ್ಷಕ್ಕೆ ಮುಕ್ಕಾಲು ಕೆಜಿಗೂ ಜಾಸ್ತಿ ಸುಣ್ಣ ಒಳಗೆ ಬಂತು. ಎಕ್ಸ್‌ಚೇಂಜರ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗಾಯಿತು. ಸುಣ್ಣದಿಂದ ಪೂರ್ತಿ ಮುಚ್ಚಿದ ಪೈಪಿನೊಳಗೆ ಸುಣ್ಣ ಕರಗಿಸುವ ಯಾವ ದ್ರಾವಣವೂ ಹೋಗುವುದಿಲ್ಲ. ಆ ಪ್ಯಾನೆಲ್‌ನ ಹೆಡರ್ (ಪೈಪ್‌ಗಳೆಲ್ಲ ಸೇರುವ ಅಡ್ಡ ಪೈಪ್) ಕತ್ತರಿಸಿ, ಕಂಬಿ ತೂರಿಸಿ ಬಿಡಿಸಿ, ಮತ್ತೆ ಬೆಸುಗೆ ಹಾಕಿಸಬೇಕಾಯಿತು. ಅಷ್ಟೂ ದಿನ ಹಿತ್ತಲ ಒಲೆಯಲ್ಲಿ ಹಂಡೆ ನೀರು. ಮನೆಯವಳು ಏನೂ ಅನ್ನಲಿಲ್ಲ, ಸೌದೆ ಮಾತ್ರ ನನ್ನ ಕೈಲೇ ಸೀಳಿಸಿದಳು.

ಈಗ ಆ ಲೈನ್ ಕಿತ್ತು ಹಾಕಿದ್ದೇನೆ. ಜಾಕೆಟ್, ಪ್ಯಾನೆಲ್ ಎಲ್ಲ ಸೇರಿ ನಮ್ಮದರಲ್ಲಿ 35 ಲೀಟರ್ ಹಿಡಿಯುತ್ತದೆ. ಮಳೆ ನೀರು ಶೋಧಿಸಿ ಕೈಯಲ್ಲೇ ತುಂಬಿಸಿದೆ. ಎರಡು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ, ಒಂದೆರಡು ಚೊಂಬು ಸಾಕಾಗುತ್ತದೆ. ಅದಕ್ಕಿಂತ ಜಾಸ್ತಿ ಕುಡಿದರೆ ಎಲ್ಲೋ ಸೋರಿಕೆ ಇದೆ ಎಂದು ತಕ್ಷಣ ಗೊತ್ತಾಗುತ್ತದೆ. ಫ್ಲೋಟ್ ವಾಲ್ವ್ ಮುಚ್ಚಿಟ್ಟಿದ್ದು ಇದನ್ನೇ. ನಿಮಗೂ ಹಾಕುವವರು ಆಟೋಮ್ಯಾಟಿಕ್ ಎಂದರೆ ಬೇಡ ಎನ್ನಿ. ಜಾಕೆಟ್ ಯಾವ ಲೋಹದ್ದು ಎಂದೂ ಕೇಳಿ. ಮೈಲ್ಡ್ ಸ್ಟೀಲ್ (ಸಾದಾ ಉಕ್ಕು) ಆದರೆ ತುಕ್ಕು ತಡೆಯುವ ದ್ರಾವಣ ಬೆರೆಸಬೇಕು, ಕಂಪನಿಯವರು ಹೇಳಿದ್ದನ್ನೇ ಹಾಕಿ. ಕಾರಿನ ಕೂಲೆಂಟ್ ಸುರಿಯಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್, ವಿಷ. ಒಳಗಿನ ಟ್ಯಾಂಕ್ ತೂತಾದರೆ ಸ್ನಾನದ ನೀರಿಗೆ ಸೇರುತ್ತದೆ.

ಮೊದಲ ಸಲ ನೀರು ತುಂಬಿಸುವಾಗ ಒಳಗಿನ ಟ್ಯಾಂಕ್ ಮೊದಲು, ಜಾಕೆಟ್ ಆಮೇಲೆ. ಖಾಲಿ ಮಾಡುವಾಗ ಜಾಕೆಟ್ ಮೊದಲು. ಉಲ್ಟಾ ಮಾಡಿದರೆ ಸುತ್ತಲಿನ ಒತ್ತಡಕ್ಕೆ ಒಳಗಿನ ತೆಳು ಡ್ರಮ್ ಮುದುಡಿಕೊಳ್ಳಬಹುದು. ಕೆಲಸದವರು ಅವಸರದಲ್ಲಿ ಇರುತ್ತಾರೆ, ನೀವೇ ಪಕ್ಕದಲ್ಲಿ ನಿಂತು ಮಾಡಿಸಿ.

ಟ್ಯಾಂಕ್ ಯಾವ ಲೋಹದ್ದು ಎಂಬುದಕ್ಕೆ ಗಡಸುತನ ನೋಡಿದರೆ ಸಾಲದು, ಕ್ಲೋರೈಡ್ (ಉಪ್ಪಿನಂಶ) ನೋಡಬೇಕು. ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ತೋರಿಸುವ ಟಿಡಿಎಸ್ ಮೀಟರ್ ಎರಡನ್ನೂ ಬೇರೆ ಮಾಡಿ ಹೇಳುವುದಿಲ್ಲ, ಲ್ಯಾಬ್‌ನಲ್ಲೇ ಪರೀಕ್ಷೆ ಮಾಡಿಸಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯಲ್ಲ ಅನ್ನುತ್ತಾರಲ್ಲ, ಬಿಸಿ ಉಪ್ಪು ನೀರಿನಲ್ಲಿ ಆ ಮಾತು ನಡೆಯುವುದಿಲ್ಲ. ಬೆಸುಗೆ ಹಾಕಿದ ಜಾಗದಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ಹೊರಗೆ ಬಿಸಿ ಹಿಡಿದಿಡುವ ಪಫ್ (ಫೋಮ್) ಹೊದಿಕೆ ಇರುವುದರಿಂದ ಸೋರಿಕೆ ಎಲ್ಲಿ ಎಂದು ಹುಡುಕುವುದೂ ಕಷ್ಟ. ನಾನು ಇಟ್ಟುಕೊಂಡಿರುವ ಅಳತೆ ಹೀಗೆ: ಕ್ಲೋರೈಡ್ ಲೀಟರಿಗೆ 100 ಮಿಲಿಗ್ರಾಂ ಒಳಗಿದ್ದರೆ 304 ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಉಪ್ಪು ನೀರನ್ನು ಇನ್ನೂ ಚೆನ್ನಾಗಿ ತಡೆಯುವ 316ಎಲ್ ದರ್ಜೆಯ ಸ್ಟೀಲ್, ಇಲ್ಲವೇ ಒಳಗೆ ಗಾಜಿನ ಲೇಪ ಇರುವ ಮೈಲ್ಡ್ ಸ್ಟೀಲ್ ಟ್ಯಾಂಕ್. ಗಾಜಿನ ಲೇಪದ ಟ್ಯಾಂಕ್‌ನಲ್ಲಿ ಮೆಗ್ನೀಸಿಯಂ ಸರಳು ಒಂದು ಇರುತ್ತದೆ. ಟ್ಯಾಂಕಿನ ಬದಲು ತಾನು ಕರಗುವುದೇ ಅದರ ಕೆಲಸ. ಉಪ್ಪಿನಂಶ ಜಾಸ್ತಿ ಇರುವ ನೀರಿನಲ್ಲಿ ಬೇಗ ಕರಗುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ತೆಳ್ಳಗಾಗಿದ್ದರೆ ಬದಲಿಸಬೇಕು. ಅದನ್ನು ಮರೆತರೆ ಆ ಟ್ಯಾಂಕಿಗೆ ಕೊಟ್ಟ ದುಡ್ಡು ದಂಡ. ಅಂದ ಹಾಗೆ ಸಾಫ್ಟ್‌ನರ್ ಹಾಕಿದರೆ ಗಡಸುತನ ಹೋಗುತ್ತದೆ, ಕ್ಲೋರೈಡ್ ಹೋಗುವುದಿಲ್ಲ. ಇದನ್ನು ಮಾರುವವರು ಹೇಳುವುದೇ ಇಲ್ಲ.

ಡ್ರಮ್ ಮತ್ತು ಕಾಯಿಲ್ ವಿಷಯ. ಡ್ರಮ್ಮಿನ ನೀರು ಸದಾ ಒಂದೇ, ಪ್ಯಾನೆಲ್ ಅದನ್ನು ಬಿಸಿ ಮಾಡುತ್ತದೆ, ಸ್ನಾನದ ನೀರು ಕಾಯಿಲ್ ಒಳಗೆ ಹಾದು ಬಿಸಿಯಾಗಿ ನಲ್ಲಿಗೆ ಬರುತ್ತದೆ. ಯೋಚನೆ ತಪ್ಪಲ್ಲ, ಆದರೆ ಕಾಯಿಲ್ ಎಷ್ಟುದ್ದ ಬೇಕು? 20 ಲೀಟರ್ ಬಕೆಟ್ ಎರಡು ನಿಮಿಷದಲ್ಲಿ ತುಂಬಬೇಕು, ನೀರು 25 ಡಿಗ್ರಿಯಿಂದ 42ಕ್ಕೆ ಏರಬೇಕು ಎಂದರೆ ಆ ಹೊತ್ತಿಗೆ ಸುಮಾರು 12 ಕಿಲೋವ್ಯಾಟ್ ಶಾಖ ದಾಟಬೇಕು. ಮನೆ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್ ಇರುತ್ತದೆ, ಹೋಲಿಸಿ ನೋಡಿ. ಡ್ರಮ್ಮಿನ ನೀರು 60 ಡಿಗ್ರಿ ಇದ್ದರೂ ನನ್ನ ಲೆಕ್ಕಕ್ಕೆ ಅರ್ಧ ಇಂಚಿನ ತಾಮ್ರದ ಪೈಪ್ 30 ಮೀಟರ್ ಹತ್ತಿರ ಬೇಕು. ವಿಡಿಯೋಗಳಲ್ಲಿ ತೋರಿಸುವ ಐದಾರು ಸುತ್ತಿಗೆ ಮೊದಲ ಚೊಂಬು ಬಿಸಿ, ಆಮೇಲೆ ತಣ್ಣಗೆ. ಜೊತೆಗೆ ಈ ಸಲ ಸುಣ್ಣ ಕೂರುವುದು ಕಾಯಿಲ್ ಒಳಗೆ. ಪ್ಲಾಸ್ಟಿಕ್ ಡ್ರಮ್ ಅಂತೂ ಬೇಡವೇ ಬೇಡ, ಬೇಸಿಗೆಯಲ್ಲಿ ನೀರು 80 ಡಿಗ್ರಿ ಮುಟ್ಟಿದರೆ ಮೆತ್ತಗಾಗಿ ಉಬ್ಬುತ್ತದೆ. ದನದ ಕೊಟ್ಟಿಗೆಗೋ ಹಾಲಿನ ಕ್ಯಾನ್ ತೊಳೆಯಲೋ ಆದರೆ ಮಾಡಿ ನೋಡಿ, ಮನೆಗೆ ಬೇಡ.

ಅಳತೆ ಬಗ್ಗೆ ಚಿಂತೆ ಬೇಡ. 60 ಡಿಗ್ರಿಯ 200 ಲೀಟರ್‌ಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು 450 ಲೀಟರ್‌ಗೂ ಜಾಸ್ತಿ ಆಗುತ್ತದೆ. ಆರು ಜನರಿಗೆ ಧಾರಾಳ.

ಮನೆ ಇನ್ನೂ ಕಟ್ಟುತ್ತಿದ್ದೀರಿ, ಹಾಗಾಗಿ ಎತ್ತರ ಈಗಲೇ ಸರಿ ಮಾಡಿಕೊಳ್ಳಿ. ತಣ್ಣೀರಿನ ಸಿಂಟೆಕ್ಸ್ ತಳ, ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಸೋಲಾರ್ ಟ್ಯಾಂಕಿನ ತಳ, ಪ್ಯಾನೆಲ್‌ನ ಮೇಲಂಚಿಗಿಂತ ಒಂದು ಅಡಿಯಾದರೂ ಮೇಲಿರಬೇಕು. ಇಲ್ಲದಿದ್ದರೆ ರಾತ್ರಿ ಬಿಸಿ ನೀರು ಹಿಂದಕ್ಕೆ ಪ್ಯಾನೆಲ್‌ಗೆ ಇಳಿದು ತಣ್ಣಗಾಗುತ್ತದೆ. ಪರೀಕ್ಷೆ ಸುಲಭ. ಸಂಜೆ ಆರಕ್ಕೆ ಬಿಸಿ ಅಳೆದು, ರಾತ್ರಿ ನೀರು ಬಳಸದೆ ಬೆಳಿಗ್ಗೆ ಆರಕ್ಕೆ ಮತ್ತೆ ಅಳೆಯಿರಿ. 5 ಡಿಗ್ರಿ ಒಳಗೆ ಇಳಿದಿದ್ದರೆ ಸರಿ, 10 ದಾಟಿದರೆ ಏನೋ ತಪ್ಪಿದೆ. ಟ್ಯಾಂಕಿಗೆ ಗಾಳಿ ಆಡಲು ಇರುವ ಏರ್ ವೆಂಟ್ ಪೈಪ್ ಸಿಂಟೆಕ್ಸ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಅದರ ಬಾಯಿಗೆ ಜಾಲರಿ ಕಟ್ಟಿ. ಕಣಜ ಅಲ್ಲಿ ಗೂಡು ಕಟ್ಟಿ ಗಾಳಿ ನಿಂತರೆ, ನೀರು ಎಳೆದಾಗ ಟ್ಯಾಂಕ್ ಒಳಗೆ ಕುಸಿಯುತ್ತದೆ. ಬಿಸಿ ಲೈನ್‌ಗೆ ಮಾಮೂಲಿ ಪಿವಿಸಿ ಬೇಡ, ಸಿಪಿವಿಸಿ ಹಾಕಿಸಿ.

ದುಡ್ಡು ಸಾಲದಿದ್ದರೆ ಟ್ಯೂಬ್ ಸೋಲಾರ್ ತಗೊಳ್ಳಿ, ಅದೇನೂ ಪಾಪವಲ್ಲ. ಆದರೆ ವರ್ಷಕ್ಕೊಮ್ಮೆ ತೊಳೆಯುವ ಖರ್ಚು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಟಾಯ್ಲೆಟ್ ಆಸಿಡ್ ಹಾಕಲು ಬಿಡಬೇಡಿ, ಸ್ಟೀಲನ್ನೇ ತಿನ್ನುತ್ತದೆ. 100 ಲೀಟರಿಗೆ 3ರಿಂದ 5 ಕೆಜಿ ನಿಂಬೆ ಉಪ್ಪು ಕರಗಿಸಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಬಿಸಿಲೇರುವ ಮೊದಲು ಪೂರ್ತಿ ಬಸಿದು ಎರಡು ಸಲ ತೊಳೆಯಿರಿ. ನಮ್ಮಜ್ಜಿ ಹಂಡೆಗೆ ಹುಣಸೆಹಣ್ಣು ಉಜ್ಜುತ್ತಿದ್ದುದೂ ಇದೇ ಹುಳಿ ವಿದ್ಯೆ. ಬಿಸಿಲಿನಲ್ಲಿ ಕಾದ ಖಾಲಿ ಟ್ಯೂಬ್‌ಗೆ ತಣ್ಣೀರು ಬಿಡಬೇಡಿ, ಪಟ್ ಎಂದು ಸೀಳುತ್ತದೆ. ಬೇಸಿಗೆಯಲ್ಲಿ ವಾರ ಊರಿಗೆ ಹೋಗುವುದಿದ್ದರೆ ಟ್ಯೂಬ್ ಮೇಲೆ ಗೋಣಿ ಚೀಲ ಹೊದಿಸಿ.

ಅಡ್ವಾನ್ಸ್ ಕೊಡುವ ಮೊದಲು ನೀರಿನ ರಿಪೋರ್ಟ್ ತೆಗೆಸಿ ಇಲ್ಲೇ ಹಾಕಿ. ಕ್ಲೋರೈಡ್ ಮತ್ತು ಗಡಸುತನ, ಈ ಎರಡು ಸಾಲು ಕಾಣುವ ಹಾಗೆ ಫೋಟೋ ತೆಗೆಯಿರಿ. ಪ್ಲೇಟ್‌ನವರ ಕೊಟೇಶನ್‌ನಲ್ಲಿ ಜಾಕೆಟ್ ಲೋಹ ಯಾವುದೆಂದು ಬರೆದಿದ್ದಾರಾ ಎಂದೂ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ.